ಖಾಲಿ ಬರುವಾಗ ಅದುರುವ ಪಿಕಪ್

ತನ್ನ ಪಿಕಪ್ ಅದುರುತ್ತದೆ ಎಂದು ಆರ್ಲಿಸ್ ಕೊಸ್ಮಿಕಿ ಹೇಳಿದಾಗ ನಾವು ಯಾರೂ ಅದನ್ನು ದೊಡ್ಡ ಸುದ್ದಿ ಎಂದುಕೊಳ್ಳಲಿಲ್ಲ. ನೆಬ್ರಾಸ್ಕದ ಈ ಮರಳುಗುಡ್ಡಗಳ ನಡುವೆ ಅದುರದ ಪಿಕಪ್ ಒಂದಿದ್ದರೆ, ಅದು ಇನ್ನೂ ಅಂಗಡಿಯಿಂದ ಹೊರಗೆ ಬಂದಿಲ್ಲ ಎಂದರ್ಥ. ನಾನು ಮೂವತ್ತು ವರ್ಷ ಈ ದಾರಿಗಳಲ್ಲಿ ಅಂಚೆ ಹಂಚಿದವಳು. ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಎರಡು ಸಲ ಉದುರಿದೆ. ಅದಕ್ಕೇ ಹೇಳಿದೆ, "ಅದುರೋದು ನಿಂತ್ರೆ ಹೇಳು ಕಣೇ, ಬಂದು ನೋಡ್ತೀನಿ."

ಅವಳು ನಗಲಿಲ್ಲ. ನನ್ನ ಹಳಸಲು ಜೋಕಿಗೂ ನಗುವ ಹೆಂಗಸು ಅವಳು. ನನಗೆ ಅದು ವಿಚಿತ್ರವೆನಿಸಿತು.

ಆರ್ಲಿಸ್‌ಗೆ ಆಗ ಅರವತ್ತೊಂದು. ಊರವರ ದನ ಸಾಗಿಸುವುದು ಅವಳ ಕೆಲಸ. ಹಿಂದೆ ಜೋಡಿ ಚಕ್ರವಿರುವ ಹಳೆಯ ಡೀಸೆಲ್ ಪಿಕಪ್, ಅದಕ್ಕೆ ಸಿಕ್ಕಿಸಿದ ಉದ್ದನೆಯ ಟ್ರೇಲರ್. ಹೋರಿ ಮಾರಾಟದ ಕಾಲ ಶುರುವಾದರೆ ಅವಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಮದುವೆಯೂ ಒಂದಾಗಿತ್ತು, ಎರಡು ಚಳಿಗಾಲ ಬಾಳಿಕೆ ಬಂತು. "ಅವನಿಗೆ ನನ್ನ ಪ್ರಶ್ನೆಗಳು ಹಿಡಿಸ್ಲಿಲ್ಲ" ಎನ್ನುತ್ತಾಳೆ. ಅದರಲ್ಲಿ ಸುಳ್ಳೇನೂ ಇಲ್ಲ. ನಮ್ಮ ಹಸು ಸತ್ತರೆ ನಾವು ಎಳೆದುಹಾಕಿ ಬರುತ್ತೇವೆ, ಅವಳು ಕೊಯ್ದು ನೋಡುತ್ತಾಳೆ. ಒಮ್ಮೆ ಒಂದರ ಹೊಟ್ಟೆಯಲ್ಲಿ ಬೇಲಿ ತಂತಿಯ ತುಂಡು ಸಿಕ್ಕಿತು. ತೊಳೆದು ತಂದು ಕೆಫೆಯಲ್ಲಿ ನಾವು ಊಟ ಮಾಡುತ್ತಿದ್ದ ಮೇಜಿನ ಮೇಲೆಯೇ ಇಟ್ಟಳು, ನೋಡಿ ಎಂದು. ನೀರೆತ್ತುವ ಗಾಳಿಯಂತ್ರ ನಿಂತರೆ ನಾವು ಎಣ್ಣೆ ಹುಡುಕುತ್ತೇವೆ. ಅವಳು ಅದರ ಕೆಳಗೆ ಕೂತು, ಇದು ನಿನ್ನೆ ಯಾಕೆ ನಿಲ್ಲಲಿಲ್ಲ, ಇವತ್ತೇ ಯಾಕೆ ನಿಂತಿತು ಎಂದು ಯೋಚಿಸುತ್ತಾಳೆ.

ಅವಳ ಹಗ್ಗದ ವಿಷಯವನ್ನೂ ಹೇಳಬೇಕು. ಮೇ ತಿಂಗಳಲ್ಲಿ ಕರುಗಳಿಗೆ ಒಡೆಯನ ಗುರುತಿನ ಬರೆ ಹಾಕುವ ದಿನ ಕುದುರೆಯ ಮೇಲಿಂದ ಹಗ್ಗ ಬೀಸಿ, ಕರುವಿನ ಹಿಂಗಾಲುಗಳನ್ನು ಹಿಡಿದು ಬೆಂಕಿಯ ಬಳಿಗೆ ಎಳೆದು ತರುವ ಕೆಲಸ ಎಲ್ಲರಿಗೂ ಸಿಗುವುದಿಲ್ಲ. ಕೇಳಿ ಪಡೆಯುವಂತೆಯೂ ಇಲ್ಲ. ಆ ಮನೆಯವರೇ ಕರೆಯಬೇಕು. ಆರ್ಲಿಸಳನ್ನು ಹದಿನೇಳನೇ ವಯಸ್ಸಿನಿಂದ ಸುತ್ತಲಿನ ಎಲ್ಲ ಮನೆಯವರೂ ಕರೆದಿದ್ದಾರೆ. ಅವಳಪ್ಪ ಎಮಿಲ್‌ನನ್ನೂ ಕರೆಯುತ್ತಿದ್ದರು, ಅವನ ಬಲಗೈ ನಡುಗಲು ಶುರುವಾಗುವವರೆಗೆ. ಒಂದು ವರ್ಷ ಹಗ್ಗ ಅವನ ಕೈಯಿಂದ ಜಾರಿ ಬಿತ್ತು. ಕುದುರೆಯಿಂದ ಇಳಿದವನು ಮತ್ತೆ ಹತ್ತಲಿಲ್ಲ. ಅಲ್ಲಿಂದ ಸಾಯುವವರೆಗೆ ಅವನ ಅಂಗಿಯ ಗುಂಡಿ ಹಾಕಿದವಳು, ಚಮಚದಲ್ಲಿ ಸೂಪು ಕುಡಿಸಿದವಳು ಆರ್ಲಿಸ್.

ಈಗ ಅವಳ ಬಲಗೈ ನಡುಗುತ್ತಿತ್ತು. ನಮಗೆ ಅವಳು ಹೇಳಿದ್ದು ಪಿಕಪ್ಪಿನ ವಿಷಯ ಮಾತ್ರ. ಕೈಯ ವಿಷಯ ನನಗೆ ಗೊತ್ತಾದದ್ದು ಆಮೇಲೆ. ಫೆಬ್ರುವರಿಯ ದೊಡ್ಡ ಹಿಮಗಾಳಿ ಕಳೆದು, ಮೊದಲ ಸಲ ಹೋರಿಗಳನ್ನು ಕೊಂಡವರಿಗೆ ಮುಟ್ಟಿಸಿ ಖಾಲಿ ಬರುವಾಗ ಅವಳಿಗೆ ಕೈಯಲ್ಲಿ ಅದುರು ಕಂಡಿತಂತೆ. ಮನೆಗೆ ಬಂದು ಆಲೂಗಡ್ಡೆ ಸುಲಿಯಲು ಕೂತರೆ ಚಾಕು ನಿಲ್ಲಲೊಲ್ಲದು. ಅದುರುತ್ತಿರುವುದು ಪಿಕಪ್ಪೋ, ತಾನೋ? ಜನ್ಮವಿಡೀ ಪ್ರಶ್ನೆ ಕೇಳಿಕೊಂಡೇ ಬಂದವಳು ಈ ಒಂದು ಪ್ರಶ್ನೆಯನ್ನು ಯಾರಲ್ಲೂ ಕೇಳಲಿಲ್ಲ. ಬದಲಿಗೆ ಪಿಕಪ್ ರಿಪೇರಿ ಹಿಡಿದಳು. ಬದಲಾಯಿಸಲು ಪಿಕಪ್ಪಿನಲ್ಲಿ ಇನ್ನೂ ಒಂದು ಭಾಗ ಉಳಿದಿರುವ ತನಕ ಕೈಯನ್ನು ಪರೀಕ್ಷಿಸುವ ಗೋಜಿಲ್ಲವಲ್ಲ.

ಕೆಫೆಯಲ್ಲಿ ಬೆಳಗಿನ ಕಾಫಿಗೆ ಸೇರುವ ನಮ್ಮ ಪಂಚಾಯಿತಿಗೆ ಇದರಿಂದ ಒಳ್ಳೆಯ ಕೆಲಸ ಸಿಕ್ಕಿತು.

"ಟೈರು" ಎಂದ ಲೊವೆಲ್ ಸ್ವೊಬೊಡ. ಲೊವೆಲ್ ಅವಳ ಪಕ್ಕದ ಜಮೀನಿನವನು. ಪಕ್ಕ ಎಂದರೆ ಆರು ಮೈಲಿ. ಒಂಟಿ ಮನುಷ್ಯ. ದಿನಕ್ಕೆ ಹತ್ತು ಮಾತು ಆಡಿದರೆ ಹನ್ನೊಂದನೆಯದಕ್ಕೆ ಕ್ಷಮೆ ಕೇಳುವಂಥವನು.

"ಟೈರೂ ಇರಬಹುದು. ಟೈರು ಅಲ್ದೇನೂ ಇರಬಹುದು" ಎಂದ ಗ್ಯಾರೇಜಿನ ಡ್ವೇನ್. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಟೈರು ಬಿಚ್ಚಿ ಬ್ಯಾಲೆನ್ಸ್ ಮಾಡಿಸಿದರು. ಚಕ್ರಗಳ ಒಳಗೆ ಒಣಗಿ ಅಂಟಿದ್ದ ಮಣ್ಣು ಕೆರೆದರು. ಶಾಕ್ ಅಬ್ಸಾರ್ಬರ್ ಹೊಸದು ಬಂತು. ಎಂಜಿನ್ ಕೂರುವ ರಬ್ಬರು ಹೊಸದು ಬಂತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು, ಅದುರು ಇದ್ದಲ್ಲೇ ಇತ್ತು. ಕೊನೆಗೆ ಒಂದು ದಿನ ಡ್ವೇನ್ ತಾನೇ ಓಡಿಸಿ ನೋಡಿದ, ಹಿಂದೆ ಟ್ರೇಲರ್ ತುಂಬ ಹೋರಿಗಳಿದ್ದಾಗ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, ಇಸ್ತ್ರಿ ಮಾಡಿಸಿಕೊಂಡವನಂತೆ ಕೂತು ಓಡಿಸುವವನು ಅವನು.

"ನನಗೇನೂ ಗೊತ್ತಾಗ್ಲಿಲ್ಲ ಆರ್ಲಿಸ್. ಸ್ಟೀರಿಂಗು ಬೆಣ್ಣೆ. ನಿನಗೇ ಹಾಗನ್ಸುತ್ತೇನೋ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವಳು ಟೋಪಿ ಸರಿಮಾಡಿಕೊಂಡು, ಹಣ ಕೊಟ್ಟು, ಏನೂ ಕೇಳದೆ ಹೊರಟುಹೋದಳು. ಅದೇ ವಾರ ಲೊವೆಲ್ ಬಂದು, ನಮ್ಮ ಕರುಗಳ ದಿನ ಹಗ್ಗ ಬೀಸಲು ಬಾ ಎಂದು ವಾಡಿಕೆಯಂತೆ ಕರೆದ. "ಈ ಸಲ ಬೇಡ ಲೊವೆಲ್" ಎಂದಳು. ಅವನು ಯಾಕೆ ಎಂದು ಕೇಳಲಿಲ್ಲ. ಸಪ್ಪೆ ಮುಖ ಮಾಡಿಕೊಂಡು ಮೂರು ದಿನ ಕೆಫೆಗೇ ಬರಲಿಲ್ಲ.

ಏಪ್ರಿಲ್ ಕೊನೆಗೆ ಒಂದು ಹೋರಿ ಮುಟ್ಟಿಸಲು ಹೊರಟವಳ ಜೊತೆ ನಾನೂ ಹೋದೆ. ನಿವೃತ್ತಿಯಾದ ಮೇಲೆ ನನಗೆ ಇನ್ನೊಬ್ಬರ ಗಾಡಿಯಲ್ಲಿ ಕೂತು ಅವರ ಓಡಿಸುವಿಕೆಗೆ ಹೆಸರಿಡುವುದೇ ಕೆಲಸ. ಹೋಗುವಾಗ ಏನೂ ಇಲ್ಲ. ಹೋರಿ ಇಳಿಸಿ ಖಾಲಿ ಬರುವಾಗ ನೋಡುತ್ತೇನೆ, ಅವಳ ಎಡಗೈ ಸ್ಟೀರಿಂಗ್ ಮೇಲೆ, ಬಲಗೈ ತೊಡೆಯ ಅಡಿಯಲ್ಲಿ.

"ಕೈಗೇನಾಯ್ತೇ?"

"ಏನಿಲ್ಲ. ಚಳಿ."

"ಹೀಟರ್ ಹಾಕಿ ನನ್ನ ಬೇಯಿಸ್ತಿದ್ದೀಯ, ಚಳಿಯಂತೆ ಚಳಿ. ತೋರ್ಸು."

ತೋರಿಸಲಿಲ್ಲ. ಆಮೇಲೆ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಎಲ್ಲವನ್ನೂ ಹೇಳಿದಳು: ಆಲೂಗಡ್ಡೆ, ಚಾಕು, ಅಪ್ಪ. ನನಗೆ ಸಿಟ್ಟು ಬಂತು. ದುಃಖವಾದಾಗ ನನಗೆ ಮೊದಲು ಬರುವುದು ಸಿಟ್ಟೇ.

"ಎರಡು ತಿಂಗಳಿಂದ ಇದನ್ನ ಹೊಟ್ಟೇಲಿಟ್ಕೊಂಡು ಟೈರು ಬಿಚ್ಚಿಸ್ತಿದ್ದೀಯಾ? ಎಲ್ಲಿ ಅದುರುತ್ತೆ ಹೇಳು. ಕೈ ಎಲ್ಲಿಟ್ಟಾಗ?"

"ಎಲ್ಲಿಡ್ತೀನಿ, ಇಲ್ಲಿ. ಗೇರಿನ ಮೇಲೆ. ನಲವತ್ತು ವರ್ಷದಿಂದ ಇಲ್ಲೇ."

ಗೇರಿನ ರಾಡು ನೆಲದಿಂದ ಎದ್ದು ನಮ್ಮಿಬ್ಬರ ನಡುವೆ ನಿಂತಿತ್ತು. ನಾನು ಅದರ ತಲೆಯ ಮೇಲೆ ಅಂಗೈ ಇಟ್ಟೆ. ಗಾಡಿ ಆಗ ಐವತ್ತೈದು ಮೈಲಿ ವೇಗದಲ್ಲಿತ್ತು. ರಾಡಿನೊಳಗೆ ಬೆಕ್ಕೊಂದು ಕೂತು ಗುರುಗುಟ್ಟುತ್ತಿರುವಂತೆ ಸಣ್ಣಗೆ, ಬಿಡದೆ ನಡುಗುತ್ತಿತ್ತು.

"ಅದುರ್ತಿದೆ ಕಣೇ! ಗಾಡಿನೇ ಅದುರ್ತಿರೋದು!"

"ನಿನಗೆ ಅರವತ್ತೆಂಟು, ಮಾವಿಸ್. ನಿನ್ನ ಕೈ ಸಾಕ್ಷಿಗೆ ಬರಲ್ಲ."

ಅವಳು ಹೇಳಿದ್ದರಲ್ಲಿ ನ್ಯಾಯವಿತ್ತು. ಸೀಟಿನ ಕೆಳಗೆ ತಡಕಾಡಿದರೆ ಬೇಲಿಗೆ ಬಡಿಯುವ ಮೊಳೆಗಳಿದ್ದ ಹಳೆಯ ಕಾಫಿ ಡಬ್ಬಿ ಸಿಕ್ಕಿತು. ಮುಕ್ಕಾಲು ಪಾಲು ಮೊಳೆ ಸುರಿದು, ಡಬ್ಬಿಯನ್ನು ತಂತಿಯಿಂದ ರಾಡಿಗೆ ಕಟ್ಟಿದೆ.

"ಇದಕ್ಕೆ ವಯಸ್ಸಾಗಿಲ್ಲ. ಓಡ್ಸು."

ನಲವತ್ತೈದರಲ್ಲಿ ಡಬ್ಬಿ ಸುಮ್ಮನಿತ್ತು. ಐವತ್ತರಲ್ಲಿ ಒಂದೆರಡು ಮೊಳೆ ಟಿಕ್ಕೆಂದವು. ಐವತ್ತೈದಕ್ಕೆ ಮುಟ್ಟಿದ್ದೇ ಡಬ್ಬಿ ಗಲಗಲ ಎನ್ನತೊಡಗಿತು. ಆರ್ಲಿಸ್ ಕ್ಲಚ್ ಒತ್ತಿದಳು. ಎಂಜಿನ್ ಸದ್ದು ಇಳಿಯಿತು, ಗಲಗಲ ನಿಲ್ಲಲಿಲ್ಲ.

"ಎಂಜಿನ್ ಅಲ್ಲ" ಎಂದಳು.

ವೇಗ ಇಳಿಸಿದಳು, ಸದ್ದು ನಿಂತಿತು. ಏರಿಸಿದಳು, ಶುರುವಾಯಿತು. ಮನೆಯ ತಿರುವು ಬಂದರೂ ತಿರುಗಲಿಲ್ಲ, ಪೇಟೆಯ ತನಕ ಹೋಗಿ ಮೇವಿನ ಅಂಗಡಿಯಲ್ಲಿ ಪಿಕಪ್ಪಿನ ಬೆನ್ನು ತುಂಬ ದನ ನೆಕ್ಕುವ ಉಪ್ಪಿನ ಗಟ್ಟಿಗಳನ್ನು ಹೇರಿಸಿದಳು. ಮತ್ತೆ ಐವತ್ತೈದು. ಡಬ್ಬಿ ಮೂಕ.

"ಭಾರ ಬಿದ್ರೆ ಸುಮ್ನಾಗುತ್ತೆ. ಯಾಕೆ? ಹಿಂಭಾಗ ಕೂರುತ್ತೆ. ಹಿಂಭಾಗ ಕೂತ್ರೆ ಏನು ಬದಲಾಗುತ್ತೆ ಮಾವಿಸ್?"

"ನನ್ನ ಕೇಳ್ತೀಯಲ್ಲ."

"ಶಾಫ್ಟಿನ ಓರೆ! ಭಾರಕ್ಕೆ ಅಡಿಯ ಶಾಫ್ಟು ನೆಟ್ಟಗಾಗುತ್ತೆ!"

ಎರಡು ತಿಂಗಳಿಂದ ಸತ್ತಂತಿದ್ದ ಮುಖದಲ್ಲಿ ಹಳೆಯ ಆರ್ಲಿಸ್ ಎದ್ದು ಕೂತಿದ್ದಳು. ನನಗೆ ಅಷ್ಟೇ ಸಾಕಿತ್ತು.

ಮನೆಯ ಅಂಗಳದಲ್ಲಿ ಅವಳು ಪಿಕಪ್ಪಿನ ಅಡಿಗೆ ನುಸುಳಿದಳು. ನನ್ನ ಮಂಡಿ ಒಪ್ಪುವುದಿಲ್ಲವಾದ್ದರಿಂದ ನಾನು ಪಕ್ಕದಲ್ಲಿ ಬಕೆಟ್ ಬೋರಲು ಹಾಕಿ ಕೂತು ಟಾರ್ಚು ಹಿಡಿದೆ. ಎಂಜಿನ್ನಿನ ತಿರುಗುವಿಕೆಯನ್ನು ಹಿಂಚಕ್ರಗಳಿಗೆ ಒಯ್ಯುವ ಉದ್ದದ ಶಾಫ್ಟು ಎರಡು ತುಂಡಿನದು. ಕೀಲು ಇರುವ ಕಡೆಯಲ್ಲೆಲ್ಲ ಶಿಲುಬೆಯ ಆಕಾರದ ಒಂದೊಂದು ಕ್ರಾಸ್. ನನಗೆ ಕಂಡವೆಲ್ಲ ತುಕ್ಕು ಹಿಡಿದು ಕಂದಾಗಿದ್ದವು.

"ಮಾವಿಸ್, ಇಲ್ಲೊಂದು ಹೊಸಾ ಕ್ರಾಸ್ ಇದೆ."

"ಯಾವಾಗ ಹಾಕಿಸ್ದೆ?"

"ನಾನು ಹಾಕಿಸ್ಲಿಲ್ಲ."

ಡ್ವೇನ್ ಬಂದು ಮಲಗಿ ನೋಡಿದ. ಈ ಸಲ ಅವನು ದೀಪವನ್ನು ಗೋಡೆಯ ಒಂದೇ ಬದಿಗೆ ಇಟ್ಟ. ಕ್ರಾಸ್ ಬದಲಿಸಲು ಯಾರೋ ಶಾಫ್ಟಿನ ಎರಡು ತುಂಡುಗಳನ್ನು ಬೇರೆ ಮಾಡಿದ್ದಾರೆ, ಮತ್ತೆ ಸೇರಿಸುವಾಗ ಹಲ್ಲು ತಪ್ಪಿಸಿ ಕೂರಿಸಿದ್ದಾರೆ. ಎರಡೂ ತುದಿಯಲ್ಲಿ ಕ್ರಾಸ್ ಹಿಡಿಯುವ ಕಿವಿಗಳು ಒಂದೇ ಸಾಲಿನಲ್ಲಿ ಇರಬೇಕಾದದ್ದು ಒಂದು ಹೀಗೆ, ಒಂದು ಹಾಗೆ ನೋಡುತ್ತಿವೆ. ಅವನು ಬಿಚ್ಚಿ, ತಿರುಗಿಸಿ, ಸರಿಯಾಗಿ ಕೂರಿಸಿದ. ಖಾಲಿ ಪಿಕಪ್ಪನ್ನು ಆರ್ಲಿಸ್ ಐವತ್ತೈದರಲ್ಲಿ ಓಡಿಸಿದಳು, ಅರವತ್ತೈದರಲ್ಲಿ ಓಡಿಸಿದಳು. ಡಬ್ಬಿ ತುಟಿಪಿಟಕ್ಕೆನ್ನಲಿಲ್ಲ.

ಕತೆ ಮುಗಿಯಿತು ಎಂದು ನಾನು ಕೇಕು ಮಾಡಿಕೊಂಡು ಅವಳ ಮನೆಗೆ ಹೋದೆ. ಹೋಗಿ ನೋಡಿದರೆ ಅವಳು ಅಡುಗೆಮನೆಯಲ್ಲಿ ದೀಪವನ್ನೂ ಹಾಕದೆ ಕೂತಿದ್ದಾಳೆ.

"ಸರಿಹೋಯ್ತಲ್ಲೇ, ಇನ್ನೇನು?"

"ಗಾಡಿ ಅದುರ್ತಿತ್ತು, ಒಪ್ಪಿದೆ. ಅದರಿಂದ ಕೈ ಅದುರ್ತಿಲ್ಲ ಅಂತ ಹೇಗಾಗುತ್ತೆ? ಎರಡೂ ಇರಬಹುದಲ್ಲ. ನಿನ್ನೆನೂ ಚಾಕು ನಿಲ್ಲಲಿಲ್ಲ."

"ದಿನಕ್ಕೆ ಆರು ಗಂಟೆ ಆ ರಾಡು ಹಿಡ್ಕೊಂಡ್ರೆ ಕಲ್ಲಿನ ಕೈಯಾದ್ರೂ ನಡುಗುತ್ತೆ. ಸುಧಾರಿಸ್ಕೊಳ್ಳೋಕೆ ಬಿಡು. ಇಲ್ಲಾಂದ್ರೆ ಡಾಕ್ಟರ ಹತ್ರ ನಡಿ."

"ಅಪ್ಪನ್ನ ಕರ್ಕೊಂಡು ಹೋದಾಗ ಮೊದಲ್ನೇ ವರ್ಷ ಡಾಕ್ಟರಿಗೂ ಗೊತ್ತಾಗ್ಲಿಲ್ಲ." ಸ್ವಲ್ಪ ಹೊತ್ತು ಮೇಜಿನ ಮೇಲೆ ಬೆರಳಾಡಿಸಿದಳು. "ಆ ಕ್ರಾಸ್ ಯಾವತ್ತು ಹಾಕಿದ್ದು ಅಂತ ಗೊತ್ತಾದ್ರೆ ಸಾಕು ನನಗೆ. ನನ್ನ ಕೈ ಶುರುವಾಗಿದ್ದು ಹಿಮಗಾಳಿ ಆದ್ಮೇಲೆ, ಮೊದಲ್ನೇ ಹೋರಿ ದಿನ. ಕ್ರಾಸ್ ಅದಕ್ಕೆ ಮುಂಚೆ ಹಾಕಿದ್ದಾದ್ರೆ ಗಾಡಿಯಿಂದ ಕೈಗೆ ಬಂತು. ಆಮೇಲೆ ಹಾಕಿದ್ದಾದ್ರೆ, ಕೈ ತಾನಾಗೇ ಶುರುವಾಗಿದೆ."

"ಹಾಕಿದೋರನ್ನ ಕೇಳಿದ್ರಾಯ್ತು."

ಅವಳು ನನ್ನನ್ನು ನೋಡಿದ ರೀತಿಗೆ, ನಾನೇನು ಚರ್ಚಿನ ಗಂಟೆ ಕದಿಯೋಣ ಎಂದೆನೇನೋ ಅನಿಸಿತು. ತಪ್ಪು ನನ್ನದೇ. ನಮ್ಮಲ್ಲಿ ಹಾಗೆ ಕೇಳುವುದಿಲ್ಲ. ಎಲ್ಲರ ಪಿಕಪ್ಪಿನ ಬೀಗದಕೈಯೂ ಪಿಕಪ್ಪಿನಲ್ಲೇ ಇರುತ್ತದೆ. ತುರ್ತು ಬಿದ್ದವರು ಒಯ್ಯುತ್ತಾರೆ, ಟ್ಯಾಂಕ್ ತುಂಬಿಸಿ ತಂದು ನಿಲ್ಲಿಸುತ್ತಾರೆ, ಮುರಿದದ್ದನ್ನು ಸರಿಮಾಡಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಒಯ್ದವನು ಬಾಯಿಬಿಟ್ಟರೆ, ಮಾಡಿದ ರಿಪೇರಿ ಕೊಚ್ಚಿಕೊಂಡ ಹಾಗೆ. ಗಾಡಿಯ ಒಡೆಯ ಯಾರು ಒಯ್ದದ್ದು ಎಂದು ಕೇಳಿದರೆ, ಕಳ್ಳ ಎಂದ ಹಾಗೆ. ನಮ್ಮಜ್ಜಿಯ ಕಾಲದಲ್ಲಿ ಕುದುರೆಗೂ ಇದೇ ಕಟ್ಟಳೆ ಇತ್ತು. ಇಂಥ ಮರ್ಯಾದಸ್ಥ ಮೂಕರ ನಡುವೆ ಅರವತ್ತೆಂಟು ವರ್ಷ ಹೇಗೆ ಬದುಕಿದೆನೋ ನನಗೇ ಗೊತ್ತಿಲ್ಲ.

"ಕಟ್ಟಳೆ ಗಾಡಿಯ ಒಡತಿಗೆ. ನಾನು ಒಡತಿಯಲ್ಲ" ಎಂದೆ. ಅವಳು ಬೇಡ ಬೇಡ ಎನ್ನುತ್ತಿದ್ದರೂ ಮಾರನೆಯ ಬೆಳಗ್ಗೆ ಕೆಫೆಗೆ ಹೋಗಿ, ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟೆ.

"ಆರ್ಲಿಸ್ ಗಾಡಿಗೆ ಹೊಸಾ ಕ್ರಾಸ್ ಹಾಕಿದ ಪುಣ್ಯಾತ್ಮ ಯಾರಪ್ಪ?"

ಚಮಚಗಳು ನಿಂತವು. ಡ್ವೇನ್ ಕಿಟಕಿಯಾಚೆ ನೋಡತೊಡಗಿದ. "ಮಾವಿಸ್, ಕೂತ್ಕೋ" ಎಂದು ಯಾರೋ ಹಿಂದಿನಿಂದ ಹಲ್ಲು ಕಚ್ಚಿ ಹೇಳಿದರು. ಲೊವೆಲ್ ಸ್ವೊಬೊಡ ಮಾತ್ರ ಕಪ್ಪೆತ್ತಿ ಗಟಗಟ ಕುಡಿದ. ಅವನ ಕಪ್ಪಿನಲ್ಲಿ ಕಾಫಿ ಮುಗಿದು ಆಗಲೇ ಕಾಲು ಗಂಟೆಯಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ.

ಅವನು ಎದ್ದು ಹೋದ. ನಾನು ಬೆನ್ನು ಹತ್ತಿದೆ. ಅವನ ಗಾಡಿಯ ಬಾಗಿಲು ಹಿಡಿದು ನಿಂತು ಆರ್ಲಿಸಳ ಗುಟ್ಟನ್ನೆಲ್ಲ ಹೇಳಿಬಿಟ್ಟೆ. ಅದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

"ಅವಳು ಹಗ್ಗ ಬೇಡ ಅಂದಿದ್ದು ನಿನ್ನ ಮೇಲೆ ಮುನಿಸಿಗಲ್ಲ ಕಣೋ. ಎಮಿಲ್ ಕೈ ತನಗೂ ಬಂತು ಅಂದ್ಕೊಂಡಿದ್ದಾಳೆ. ನಿನಗೇನಾದ್ರೂ ಗೊತ್ತಿದ್ರೆ ಬಾಯಿ ಬಿಡು."

ಲೊವೆಲ್‌ನ ಮುಖ ಬಿಳಿಚಿಕೊಂಡಿತು. ಗಾಡಿ ಹಿಂದಕ್ಕೆ ತೆಗೆದು ಹೊರಟುಹೋದ. ಅವನ ಧೂಳು ಕಣ್ಮರೆಯಾಗುವವರೆಗೆ ನಾನು ನಡುರಸ್ತೆಯಲ್ಲಿ ನಿಂತು ಅವನನ್ನು ಬೈದೆ.

ಅವನ ಕರುಗಳಿಗೆ ಬರೆ ಹಾಕುವ ದಿನ ಸುತ್ತಲ ಮನೆಗಳವರೆಲ್ಲ ಸೇರಿದೆವು. ಕರೆಯದಿದ್ದರೂ ಕೈ ಜೋಡಿಸಲು ಬರಬೇಕಾದ ದಿನ ಅದು. ಆರ್ಲಿಸ್ ದಾಲ್ಚಿನ್ನಿ ರೋಲುಗಳ ತಟ್ಟೆ ತಂದಿದ್ದಳು, ಕುದುರೆ ತಂದಿರಲಿಲ್ಲ. ಗೇಟು ಕಾಯುತ್ತೇನೆ ಎಂದಳು. ಗೇಟು ಕಾಯುವುದು ಮಕ್ಕಳ ಕೆಲಸ, ಕೈಲಾಗದ ಮುದುಕರ ಕೆಲಸ. ಅವಳನ್ನು ಅಲ್ಲಿ ನೋಡಿದವರೆಲ್ಲ ಬೇರೆ ಕಡೆ ನೋಡುತ್ತ ಹಾದುಹೋದರು. ಕರುಗಳು ಅರಚುತ್ತಿದ್ದವು, ಬೆಂಕಿ ಹೊತ್ತಿಕೊಂಡಿತ್ತು, ಹಗ್ಗದವರು ಕುದುರೆ ಹತ್ತಿದ್ದರು. ಆಗ ಲೊವೆಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ಅಂಗಳದ ಆ ತುದಿಯಿಂದ ಈ ತುದಿಗೆ ನಡೆದುಬಂದ. ಎಲ್ಲರೂ ನೋಡುತ್ತಿದ್ದರು.

"ಹಿಮಗಾಳಿ ದಿನ, ಆರ್ಲಿಸ್" ಎಂದ. "ನನ್ನ ಹಸೂಗೆ ಕರು ಅಡ್ಡ ಬಂದಿತ್ತು. ನನ್ನ ಗಾಡಿ ಹಿಮದಲ್ಲಿ ಹೂತೋಗಿತ್ತು. ಟ್ರ್ಯಾಕ್ಟರಲ್ಲಿ ನಿಮ್ಮನೆಗೆ ಬಂದೆ. ನೀನು ಮಾವಿಸ್ ಕಾರಲ್ಲಿ ಪೇಟೆಗೆ ಹೋಗಿ 'ದಾರಿ ಮುಚ್ಚಿದೆ' ಅಂತ ಅಲ್ಲೇ ಉಳ್ಕೊಂಡಿದ್ದೆ. ಅದಕ್ಕೇ ನಿನ್ನ ಪಿಕಪ್ಪಲ್ಲಿ ಹಸೂನ ದನದ ಡಾಕ್ಟರ ಹತ್ರ ಹೊತ್ಕೊಂಡು ಹೋದೆ. ಹಿಮದ ರಾಶೀಲಿ ಸಿಕ್ಕಿಕೊಂಡ ಗಾಡೀನ ಎಳೆಯೋವಾಗ ಕ್ರಾಸ್ ಮುರೀತು. ಮಾರ್ನೇ ದಿನ ನಾನೇ ಹೊಸದು ಹಾಕ್ದೆ. ಬಿಚ್ಚೋವಾಗ ಶಾಫ್ಟಿಗೆ ಗುರ್ತು ಮಾಡ್ಕೊಳ್ಳಲಿಲ್ಲ. ಅಂದಾಜಲ್ಲಿ ಸೇರಿಸ್ಬಿಟ್ಟೆ."

ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ನಾವು ಯಾರೂ ಕೇಳಿರಲಿಲ್ಲ.

ಆರ್ಲಿಸ್ ಗೇಟಿನ ಕಂಬವನ್ನು ಹಿಡಿದುಕೊಂಡಳು. "ಯಾವ ದಿನ?"

"ಹಿಮಗಾಳಿ ಮಾರ್ನೇ ದಿನ."

"ನಾನು ಹೋರಿ ಹೊರೋಕೆ ಮುಂಚೆ?"

"ಮುಂಚೆನೇ. ನೀನು ಪೇಟೆಯಿಂದ ಬರೋಷ್ಟ್ರಲ್ಲಿ ತಂದು ನಿಲ್ಸಿದ್ದೆ. ಟ್ಯಾಂಕ್ ತುಂಬ್ಸಿದ್ದೆ" ಎಂದ ಪಾಪ, ಅದೊಂದನ್ನಾದರೂ ಸರಿಯಾಗಿ ಮಾಡಿದೆ ಎನ್ನುವವನಂತೆ.

"ಹಾಗಾದ್ರೆ ಅದು ಅದುರಿದ್ದು ಯಾರಿಂದ?"

"ನನ್ನಿಂದ."

"ಕೇಳಿಸ್ಲಿಲ್ಲ."

"ನನ್ನಿಂದ, ಆರ್ಲಿಸ್. ತಪ್ಪು ನಂದೇ."

"ಇನ್ನೊಂದ್ಸಲ ಹೇಳು."

ಲೊವೆಲ್‌ನ ಕಿವಿ ಕೆಂಪಾಯಿತು. ಎಲ್ಲರೆದುರು ಅವಮಾನ ಮಾಡುತ್ತಿದ್ದಾಳೆ ಎಂದುಕೊಂಡನೇನೋ. ಒಂದು ಗಳಿಗೆ ನಾನೂ ಹಾಗೆಯೇ ಅಂದುಕೊಂಡು, ಸಾಕು ಬಿಡೇ ಎನ್ನಲು ಮುಂದೆ ಬಂದೆ. ಆಗ ಅವಳ ಮುಖ ಕಾಣಿಸಿತು. ಕಣ್ಣೀರು ಧಾರಾಳವಾಗಿ ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳುತ್ತಲೂ ಇರಲಿಲ್ಲ, ನಗುತ್ತಿದ್ದಳು.

"ಲೊವೆಲ್, ಈ ಜನ್ಮದಲ್ಲಿ ನನಗೆ ಯಾರೂ ಇಷ್ಟು ಒಳ್ಳೇ ಸುದ್ದಿ ಹೇಳಿಲ್ಲ ಕಣೋ. ಯಾರ ತಪ್ಪು, ಹೇಳು, ಹೇಳ್ತಾ ಇರು."

ಅವನು ಟೋಪಿಯನ್ನು ಎದೆಗೊತ್ತಿಕೊಂಡು, ನನ್ನ ತಪ್ಪು, ನನ್ನದೇ ತಪ್ಪು ಎಂದು ಇಡೀ ಅಂಗಳಕ್ಕೆ ಕೇಳುವಂತೆ ಹೇಳುತ್ತಲೇ ನಿಂತ.